ಸಂಘಮಿತ್ರಾ ಕೈ ಬೀಸಿ ಓಡಿದ್ದು

"ಏ ಸಂಘಮಿತ್ರಾ! ಕೈ ಬೀಸು, ಕೈ! ಬಗಲಾಗ ಕೋಳಿ ಹಿಡ್ಕೊಂಡು ಸಂತಿಗೆ ಹೊಂಟೀ ಏನ?"

ಸಿದ್ದರಾಯ ಸರ್ ದಿನಾ ಬೆಳಿಗ್ಗೆ ಇದನ್ನೇ ಕೂಗುತ್ತಿದ್ದರು. ಅವರು ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಬಸವನ ಬಾಗೇವಾಡಿಯ ಹೊರಗಿನ ಬಯಲಿನಲ್ಲಿ ಪೊಲೀಸ್ ಭರ್ತಿಗೆ ಹೋಗುವ ಹುಡುಗ ಹುಡುಗಿಯರನ್ನು ತಯಾರು ಮಾಡುತ್ತಿದ್ದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಟೈಮು ನೋಡುವ ಗಡಿಯಾರ. ಅವರು ಹೀಗೆ ಕೂಗಿದ ಕೂಡಲೇ ಹುಡುಗರ ಸಾಲು ಕಿಸಕ್ಕನೆ ನಗುತ್ತಿತ್ತು. ಹಿಂದಿನಿಂದ ಯಾರೋ ಒಬ್ಬ "ಕೊಕ್ಕೊಕ್ಕೋ" ಅನ್ನುತ್ತಿದ್ದ. ಸಂಘಮಿತ್ರಾ ತುಟಿ ಕಚ್ಚಿಕೊಂಡು, ಎರಡೂ ಮೊಣಕೈಗಳನ್ನು ಎದೆಗೆ ಒತ್ತಿಕೊಂಡು, ಸ್ವಲ್ಪ ಮುಂದಕ್ಕೆ ಬಾಗಿ, ಹಾಗೆಯೇ ಓಡುತ್ತಿದ್ದಳು.

ಕೈ ಬೀಸಿದರೆ ಎದೆ ಜಗ್ಗುತ್ತಿತ್ತು. ಜಗ್ಗಿದರೆ ನೋಯುತ್ತಿತ್ತು. ವಿಷಯ ಇಷ್ಟೇ. ಆ ಬಯಲಿನಲ್ಲಿ ಓಡುತ್ತಿದ್ದ ಪ್ರತಿಯೊಬ್ಬ ಹುಡುಗಿಗೂ ಇದು ಗೊತ್ತಿತ್ತು. ನಗುತ್ತಿದ್ದ ಹುಡುಗರಿಗೂ ಗೊತ್ತಿತ್ತು, ಅದಕ್ಕೇ ನಗುತ್ತಿದ್ದರು. ಸಿದ್ದರಾಯ ಸರ್ ಅವರಿಗೆ ಗೊತ್ತಿತ್ತೋ ಇಲ್ಲವೋ ಹೇಳುವುದು ಕಷ್ಟ. ಗೊತ್ತಿಲ್ಲದಿದ್ದರೆ ಅವರು ಎಂಥ ಗುರು? ಗೊತ್ತಿದ್ದೂ ಕೂಗುತ್ತಿದ್ದರೆ ಎಂಥ ಮನುಷ್ಯ? ಸಂಘಮಿತ್ರಾಗೆ ಎರಡಕ್ಕೂ ಸಿಟ್ಟು ಬರುತ್ತಿತ್ತು. ಆದರೆ ಬಾಯಿ ಬಿಟ್ಟು ಹೇಳುವುದು ಹೇಗೆ? "ಸರ್, ನನಗ ಎದಿ ನೋಯ್ತದ್ರಿ" ಎಂದರೆ ಅವರು ದವಾಖಾನೆಗೆ ಹೋಗು ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಲು ಅವಳ ಬಾಯಲ್ಲಿ ಮಾತೇ ಇರಲಿಲ್ಲ.

ಅವಳು ಮಸೂತಿಯವಳು. ತಂದೆ ಬಸಣ್ಣ ನಿಡಗುಂದಿಯ ಕಡೆ ಟ್ರ್ಯಾಕ್ಟರ್ ಓಡಿಸುತ್ತಾನೆ. ತಾಯಿ ಮರೆವ್ವ ಕಂಡವರ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಾಳೆ. ತಮ್ಮ ಪ್ರೇಮಕುಮಾರ ಕಾಲೇಜಿಗೆ ಹೋಗುತ್ತಾನೆ. ಸಂಘಮಿತ್ರಾ ಮಧ್ಯಾಹ್ನದಿಂದ ಸಂಜೆಯವರೆಗೆ ಒಂದು ಶೆಡ್ಡಿನಲ್ಲಿ ಮನೂಕ ಆರಿಸುತ್ತಾಳೆ. ಒಣಗಿದ ದ್ರಾಕ್ಷಿಯಿಂದ ಕಡ್ಡಿ, ಕಸ, ಕರಿ ಕಾಳು ಬೇರೆ ಮಾಡುವ ಕೆಲಸ. ಸಂಜೆ ಮನೆಗೆ ಬಂದಾಗ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಚಿಕ್ಕವಳಿದ್ದಾಗ ಅವಳು ಊರಿಗೇ ಜೋರು ಓಡುವ ಹುಡುಗಿ. ಪ್ರಾಥಮಿಕ ಶಾಲೆಯ ಆಟೋಟದಲ್ಲಿ ಹುಡುಗರನ್ನೂ ಹಿಂದೆ ಹಾಕಿ ಸ್ಟೀಲಿನ ಡಬ್ಬಿ ಗೆದ್ದು ತಂದಿದ್ದಳು. ಹೈಸ್ಕೂಲಿಗೆ ಬಂದ ಮೇಲೆ ಓಟ ನಿಂತಿತು. ಯಾರೂ ಬಿಡು ಅನ್ನಲಿಲ್ಲ. ಡ್ರಿಲ್ ಪಿರಿಯಡ್ಡಿನಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಹೊಟ್ಟೆನೋವು, ತಲೆನೋವು ಎಂದು ಹೇಳಿ ಬೇವಿನ ಮರದ ಕೆಳಗೆ ಕೂರತೊಡಗಿದರು. ಕೊನೆಗೆ ಬಯಲಿನಲ್ಲಿ ಹುಡುಗರಷ್ಟೇ ಉಳಿದರು. ಡ್ರಿಲ್ ಮಾಸ್ತರರು ಹುಡುಗಿಯರಿಗೆ ಆಟದಲ್ಲಿ ಆಸಕ್ತಿಯೇ ಇಲ್ಲ ಎಂದು ಎಲ್ಲರ ಮುಂದೆ ಹೇಳಿದರು. ಆಸಕ್ತಿ ಇಲ್ಲವಂತೆ! ಆ ಮಾತು ನೆನಪಾದರೆ ಇವತ್ತಿಗೂ ಸಂಘಮಿತ್ರಾ ಕೈಯಲ್ಲಿದ್ದ ಮನೂಕ ಹಿಂಡಿಬಿಡುತ್ತಾಳೆ.

ಪೊಲೀಸ್ ಆಗಬೇಕೆಂಬ ಆಸೆ ಅವಳಿಗೆ ಹೇಗೆ ಹತ್ತಿತೋ, ಹತ್ತಿದ ಮೇಲೆ ಬಿಡಲಿಲ್ಲ. ಬರೆಯುವ ಪರೀಕ್ಷೆಯನ್ನು ಅವಳು ಎರಡು ಸಲ ಪಾಸು ಮಾಡಿದ್ದಾಳೆ. ಅದರ ನಂತರ ಮೈದಾನದ ಪರೀಕ್ಷೆ: ಮೊದಲು ಓಟ, ಆಮೇಲೆ ಗುಂಡು ಎಸೆತ, ಉದ್ದ ಜಿಗಿತ. ಗೊತ್ತು ಮಾಡಿದ ಸಮಯದೊಳಗೆ ಓಡಿ ಮುಗಿಸದಿದ್ದರೆ ಮುಂದಿನದಕ್ಕೆ ಕರೆಯುವುದೇ ಇಲ್ಲ. ಹಿಂದಿನ ಸಲ ಅವಳು ಓಟದಲ್ಲೇ ಫೇಲಾದಳು, ಅದೂ ಕೂದಲೆಳೆಯಷ್ಟರಲ್ಲಿ. ಈ ಸಲವೂ ಬರೆದು ಪಾಸಾಗಿದ್ದಳು. ಶ್ರಾವಣ ಮುಗಿಯುವ ಹೊತ್ತಿಗೆ ವಿಜಯಪುರದಲ್ಲಿ ಮೈದಾನದ ಪರೀಕ್ಷೆ. ಇದು ತಪ್ಪಿದರೆ ಮುಗಿಯಿತು, ಏಕೆಂದರೆ ಬರುವ ವರ್ಷಕ್ಕೆ ಅರ್ಜಿ ಹಾಕುವ ವಯಸ್ಸು ದಾಟುತ್ತಿತ್ತು. ಮತ್ತೆ ಮನೂಕ, ಮತ್ತೆ ಅಂಟು ಬೆರಳು.

ಹಾಗಾಗಿ ಅವಳು ತನಗೆ ತಿಳಿದ ಉಪಾಯವನ್ನೆಲ್ಲ ಮಾಡಿದ್ದಳು. ಒಂದರ ಮೇಲೊಂದು ಎರಡು ಬ್ರಾ ಹಾಕಿಕೊಂಡಳು. ಅದರ ಮೇಲೆ ಅಜ್ಜಿಯ ಹಳೆಯ ಸೀರೆಯಿಂದ ಅಗಲವಾದ ಪಟ್ಟಿ ಹರಿದು, ಸುತ್ತಿ ಬಿಗಿಸಿಕೊಂಡಳು. ಬಿಗಿಯುವ ಕೆಲಸ ಮರೆವ್ವನದು. ಅವಳು ಮಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಜೋಳದ ಕಣಕಿಯ ಹೊರೆ ಕಟ್ಟುವ ಹಾಗೆ ಬೆನ್ನಿಗೆ ಮೊಣಕಾಲು ಕೊಟ್ಟು ಎಳೆಯುತ್ತಿದ್ದಳು.

"ಯವ್ವಾ, ಉಸರು ಬಿಡಾಕರ ಜಾಗಾ ಇಡು."

"ಉಸರು ಬಿಟ್ಟೆಂದ್ರ ಬಿಗಿ ಆಗಂಗಿಲ್ಲ. ಬಿಗಿ ಆಗಬೇಕಂದ್ರ ಉಸರು ಬಿಡಂಗಿಲ್ಲ. ಯಾವುದು ಬೇಕು, ಲಗೂನ ಹೇಳು. ನನಗ ಹೊಲಕ್ಕ ಹೊತ್ತಾಗೇತಿ."

ಪಟ್ಟಿ ಸುತ್ತಿಕೊಂಡು ಓಡಿದರೆ ಮೊದಲರ್ಧ ಹೇಗೋ ಸಾಗುತ್ತಿತ್ತು. ಆಮೇಲೆ ಎದೆಗೂಡು ಹಿಗ್ಗಲು ಜಾಗವಿಲ್ಲದೆ ಕಣ್ಣು ಕತ್ತಲೆ ಬರುತ್ತಿತ್ತು. ಬೆವರಿಗೆ ಪಟ್ಟಿ ಜಾರಿ ಸೊಂಟಕ್ಕೆ ಇಳಿಯುತ್ತಿತ್ತು, ಇಳಿಯುವಾಗ ಚರ್ಮವನ್ನೂ ಕೆರೆಯುತ್ತಿತ್ತು. ಹಿಂದಿನ ಸಲದ ಪರೀಕ್ಷೆಯಲ್ಲಿ ಆಗಿದ್ದೂ ಇದೇ. ಕೊನೆಯ ತಿರುವಿನಲ್ಲಿ ಪಟ್ಟಿ ಜಾರಿತು, ಕೈಗಳು ತಾವಾಗಿ ಎದೆಗೆ ಬಂದವು, ಹಿಂದಿದ್ದವರು ಮುಂದೆ ಹೋದರು.

ಅಂಗಡಿಯಲ್ಲಿ ಕೇಳಿ ನೋಡಲಿಲ್ಲವೇ ಎಂದರೆ, ಕೇಳಿದ್ದಳು. ಬಾಗೇವಾಡಿಯ ಪೇಟೆಯಲ್ಲಿ ಬಸಂತರಾಯನ ಅಂಗಡಿ ಇದೆ. ಬಳೆ, ಹಣೆಯ ಟಿಕಳಿ, ನೈಟಿ, ಒಳಗಿನ ಬಟ್ಟೆ ಎಲ್ಲ ಅಲ್ಲಿ ಸಿಗುತ್ತದೆ. ಸುತ್ತಲಿನ ಹಳ್ಳಿಯ ಹೆಂಗಸರೆಲ್ಲ ಅಲ್ಲಿಗೇ ಹೋಗುತ್ತಾರೆ, ಏಕೆಂದರೆ ಬಸಂತರಾಯ ಮರ್ಯಾದಸ್ಥ. ಅಲ್ಲಿ ವ್ಯಾಪಾರ ನಡೆಯುವ ರೀತಿಯೇ ಬೇರೆ. ಹೆಂಗಸು ಬಂದು ಅಂಗಡಿಯ ಮೂಲೆಯಲ್ಲಿ ಬಳೆ ನೋಡುತ್ತ ನಿಲ್ಲಬೇಕು. ಗಂಡಸರು ಯಾರೂ ಇಲ್ಲ ಎಂದಾದ ಮೇಲೆ ಮೆಲ್ಲಗೆ ಒಂದು ನಂಬರು ಹೇಳಬೇಕು. ನಂಬರು ಮಾತ್ರ, ವಸ್ತುವಿನ ಹೆಸರು ಹೇಳುವ ಹಾಗಿಲ್ಲ. ಬಸಂತರಾಯ ಅವಳ ಕಡೆ ನೋಡದೆ, ಕಣ್ಣು ಫ್ಯಾನಿನ ಮೇಲೆ ಇಟ್ಟು, ಕೈ ಹಿಂದಕ್ಕೆ ಚಾಚಿ ಒಂದು ಡಬ್ಬಿ ತೆಗೆದು, ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಕೊಡುತ್ತಾನೆ. ಬಿಚ್ಚಿ ನೋಡುವಂತಿಲ್ಲ, ತಿರುಗಿ ಕೊಡುವಂತಿಲ್ಲ. ಮನೆಗೆ ಹೋದ ಮೇಲೆ ಅದು ಮೈಗೆ ಸರಿಯಾದರೆ ಆಯಿತು, ಆಗದಿದ್ದರೆ ಮೈಯೇ ಅದಕ್ಕೆ ಹೊಂದಿಕೊಳ್ಳಬೇಕು. ಮರೆವ್ವನ ಭುಜದ ಮೇಲೆ ಎರಡು ಕರಿ ಗೆರೆ ಬಿದ್ದಿರುವುದು ಇಂಥ ಮರ್ಯಾದೆಯಿಂದಲೇ.

ಸಂಘಮಿತ್ರಾ ಹೋದ ವರ್ಷ ಒಂದು ದಿನ ಧೈರ್ಯ ಮಾಡಿ ನಂಬರಿನ ಜೊತೆ ಇನ್ನೂ ನಾಲ್ಕು ಮಾತು ಸೇರಿಸಿದ್ದಳು. "ಕಾಕಾ, ಓಡೂ ಮುಂದ ಹಾಕ್ಕೋತಾರಲ್ರಿ, ಅಂಥಾದ್ದು." ಬಸಂತರಾಯ ಫ್ಯಾನು ನೋಡುತ್ತಲೇ, "ಫ್ರೀ ಸೈಜ್ ಐತವಾ, ಎಲ್ಲಾರಿಗೂ ಬರ್ತೈತಿ" ಎಂದು ಪೊಟ್ಟಣ ಕೊಟ್ಟ. ಮನೆಯಲ್ಲಿ ಬಿಚ್ಚಿದರೆ ಎಳೆದಷ್ಟೂ ಹಿಗ್ಗುವ, ಬಿಟ್ಟರೆ ಜೋಲುವ ಒಂದು ಬನಿಯನ್. ಬೆನ್ನ ಮೇಲೆ ಮಾತ್ರ ಸ್ಪೋರ್ಟ್ಸ್ ಎಂದು ಬರೆದಿತ್ತು. ಅದನ್ನು ಹಾಕಿಕೊಂಡು ಓಡುವುದೂ ಒಂದೇ, ಹಾಕಿಕೊಳ್ಳದೆ ಓಡುವುದೂ ಒಂದೇ. ಈ ಸ್ಪೋರ್ಟ್ಸ್ ಬ್ರಾ ಅನ್ನುವುದೆಲ್ಲ ಬರೀ ಮೋಸ ಎಂದು ತೀರ್ಮಾನಿಸಿ ಅವಳು ಮತ್ತೆ ಅಜ್ಜಿಯ ಸೀರೆಯ ಪಟ್ಟಿಗೆ ಬಂದಿದ್ದಳು.

ಇದನ್ನು ಕೇಳಿ ಬಿದ್ದು ಬಿದ್ದು ನಕ್ಕವಳು ಅಫ್ರೀನ. ಅವಳು ಬಾಗೇವಾಡಿಯವಳೇ, ಅದೇ ಪರೀಕ್ಷೆಗೆ ಅದೇ ಬಯಲಿನಲ್ಲಿ ಓಡುತ್ತಿದ್ದಳು. ಓಟ ಮುಗಿದ ಮೇಲೆ ಇಬ್ಬರೂ ನೀರಿನ ಟಾಕಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಮಾತು ಬಂತು.

"ಬಸಂತರಾಯನ ಕಡೆ ತಗೊಂಡೀ? ಅಯ್ಯ ನಿನ್ನ! ಅಂವ ಫ್ಯಾನಿನ ಅಳತಿ ತಗೊಂಡು ಕೊಡ್ತಾನಲೇ, ನಿಂದಲ್ಲ."

"ನಗಬ್ಯಾಡ ಅಫ್ರೀನ. ನನಗ ಸಾಯೂವಷ್ಟು ಸಿಟ್ಟು ಬಂದೇತಿ."

"ಸಿಟ್ಟು ಬಂದ್ರ ಛಲೋ ಆತು. ಐತವಾರ ನನ್ನ ಜೋಡಿ ಸಿಂದಗಿಗೆ ಬಾ. ನಮ್ಮ ಮಾಮಿ ಅಂಗಡಿ ಐತಿ. ಅಲ್ಲಿ ಹಾಕ್ಕೊಂಡು ನೋಡಿ ತಗೋಬಹುದು."

"ಹಾಕ್ಕೊಂಡು ನೋಡಿ?" ಸಂಘಮಿತ್ರಾ ಕೇಳಿದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಚಪ್ಪಲಿ ಹಾಕಿ ನೋಡಿ ಕೊಂಡಿದ್ದಳು, ಬಳೆ ಹಾಕಿ ನೋಡಿ ಕೊಂಡಿದ್ದಳು. ಇದನ್ನು ಹಾಕಿ ನೋಡಿ ಕೊಳ್ಳಬಹುದು ಎಂಬುದು ಅವಳ ತಲೆಗೇ ಬಂದಿರಲಿಲ್ಲ.

ಸೈದಾಬಿ ಮಾಮಿಯ ಅಂಗಡಿ ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ. ಎರಡು ಹೆಜ್ಜೆಯ ಅಂಗಡಿ, ಹಿಂದೆ ಒಂದು ಪರದೆ. ಮಾಮಿ ಮುಂಗೋಪಿ. ಬಂದವರಿಗೆ ಚಹಾ ಕೇಳುವವಳೂ ಅಲ್ಲ, ಬುದ್ಧಿ ಹೇಳುವವಳೂ ಅಲ್ಲ. ಮೂರು ಡಬ್ಬಿ ಪರದೆಯ ಹಿಂದೆ ಎಸೆದು ಹೇಳಿದಳು:

"ಹಾಕ್ಕೋ. ಹಾಕ್ಕೊಂಡು ಜಿಗಿ."

"ಜಿಗೀಬೇಕೇನ್ರಿ?"

"ಮತ್ತ? ಓಡಾಕ ತಗೊಳ್ಳಾಕತ್ತೀಯೋ, ನಿಂದ್ರಾಕ ತಗೊಳ್ಳಾಕತ್ತೀಯೋ? ಕೈ ಮ್ಯಾಲ ಎತ್ತಿ ಜಿಗಿ. ನನ್ನ ಕಪಾಟ ಕೆಡವಬ್ಯಾಡ ಮತ್ತ."

ಮೊದಲನೆಯದನ್ನು ಹಾಕಿ ಕೈ ಎತ್ತಿದರೆ ಕೆಳಗಿನ ಪಟ್ಟಿ ಮೇಲಕ್ಕೆ ಏರಿ ಬಂತು. ಎರಡನೆಯದು ಪಕ್ಕೆಲುಬು ಮುರಿಯುವಷ್ಟು ಬಿಗಿ. ಮೂರನೆಯದಕ್ಕೆ ಕೆಳಗೆ ಅಗಲವಾದ ಇಲಾಸ್ಟಿಕ್ ಪಟ್ಟಿ ಇತ್ತು, ಭುಜದ ಪಟ್ಟಿಗಳೂ ಅಗಲ. ಪಟ್ಟಿಯ ಒಳಗೆ ಎರಡು ಬೆರಳು ಹೋಗುವಷ್ಟು ಜಾಗ ಇತ್ತು, ಹೆಚ್ಚಿಗೆ ಇರಲಿಲ್ಲ. ಅವಳು ಕೈ ಎತ್ತಿದಳು. ಪಟ್ಟಿ ಅಲ್ಲೇ ನಿಂತಿತು. ಮೆಲ್ಲಗೆ ಜಿಗಿದಳು. ಮತ್ತೆ ಜಿಗಿದಳು. ಆಮೇಲೆ ಜೋರಾಗಿ ಜಿಗಿದಳು. ನೋವಿಲ್ಲ. ಉಸಿರು ತುಂಬ ಎಳೆದುಕೊಂಡು ನೋಡಿದಳು, ಎದೆಗೂಡು ಪೂರ್ತಿ ಹಿಗ್ಗಿತು. ಅಜ್ಜಿಯ ಸೀರೆಯ ಪಟ್ಟಿ ಮೇಲಿನಿಂದ ಅದುಮುತ್ತಿತ್ತು. ಇದು ಅದುಮುತ್ತಿರಲಿಲ್ಲ, ಕೆಳಗಿನಿಂದ ಹಿಡಿದುಕೊಂಡಿತ್ತು.

ಪರದೆಯ ಹಿಂದೆ ಅವಳು ಬಹಳ ಹೊತ್ತು ನಿಂತಳು. ಅಫ್ರೀನ ಒಳಗೆ ಇಣುಕಿ, "ಯಾಕಲೇ, ಖುಷಿಗೆ ಅಳಾಕತ್ತಿ ಏನ?" ಎಂದಳು.

"ಖುಷಿ ಎಲ್ಲೀದು? ಇಂಥಾದ್ದೊಂದು ಜಗತ್ತಿನ್ಯಾಗ ಇತ್ತು. ಇಷ್ಟು ವರ್ಷ ಇತ್ತು. ಒಬ್ರರ ಹೇಳಲಿಲ್ಲ."

ಅವಳು ಸಿಟ್ಟಿನಲ್ಲೇ ಒಂದು ವಾರದ ಪಗಾರ ಎಣಿಸಿ ಕೊಟ್ಟು, ಅದನ್ನು ಎದೆಗೆ ಅಪ್ಪಿಕೊಂಡು ಬಸ್ಸು ಹತ್ತಿದಳು.

ಮರುದಿನ ಬಯಲಿನಲ್ಲಿ ಅವಳು ಕೈ ಬೀಸಿ ಓಡಿದಳು. ಬಹಳ ವರ್ಷಗಳ ಮೇಲೆ ಮೊಣಕೈಗಳು ಮೈಯಿಂದ ದೂರ ಹೋಗಿ ಬಂದವು. ಕಾಲಿಗೆ ಕೈ ಜೊತೆಯಾಯಿತು, ಕೈಗೆ ಉಸಿರು ಜೊತೆಯಾಯಿತು. ಮಳೆಗೆ ನೆನೆದ ಎರೆ ಮಣ್ಣು ಬೂಟಿಗೆ ಹತ್ತಿಕೊಂಡರೂ ಅವಳು ಎಲ್ಲ ಹುಡುಗಿಯರಿಗಿಂತ ಮೊದಲು ಬಂದು ಮುಟ್ಟಿದಳು. ಸಿದ್ದರಾಯ ಸರ್ ಗಡಿಯಾರ ನೋಡಿ, ಮತ್ತೊಮ್ಮೆ ನೋಡಿ, ಹುಡುಗರ ಕಡೆ ತಿರುಗಿದರು.

"ನೋಡಿದ್ರೇನಲೇ? ವರ್ಷಾನಗಟ್ಟಲೆ ಬೈದದ್ದಕ್ಕ ಈಗ ತಲಿಗೆ ಹೋತು ಇಕಿಗೆ. ಗುರು ಹೇಳಿದ್ದು ಕೇಳಿದ್ರ ಹಿಂಗ ಆಕ್ಕೈತಿ."

ಸಂಘಮಿತ್ರಾಳ ಮುಖ ಕೆಂಪಾಯಿತು. ಅವಳ ಬಾಯಿಗಿಂತ ಮೊದಲು ಅಫ್ರೀನಳ ಬಾಯಿ ತೆರೆಯಿತು. "ನಿಮ್ಮ ಬೈಗುಳದ್ದಲ್ರಿ ಸರ್. ಸಿಂದಗಿಯಿಂದ ಛಲೋ ಬ್ರಾ ತಂದಾಳ್ರಿ, ಅದರದು."

ಹುಡುಗಿಯರ ಸಾಲಿನಲ್ಲಿ ನಗೆ ಒಡೆಯಿತು. ಹುಡುಗರು ನೆಲ ನೋಡಿದರು. ಸಿದ್ದರಾಯ ಸರ್ ಸುಮ್ಮಸುಮ್ಮನೆ ಸೀಟಿ ಊದಿ, "ನಡೀರಿ, ನಡೀರಿ, ಮತ್ತೊಂದು ಸುತ್ತು" ಎಂದರು. ಅವತ್ತಿನಿಂದ ಅವರು ಕೋಳಿಯ ಮಾತು ಎತ್ತಲಿಲ್ಲ. ಆದರೆ ತಪ್ಪಾಯಿತು ಎಂದೂ ಅನ್ನಲಿಲ್ಲ. ಎಷ್ಟು ಹುಡುಗಿಯರು ಆ ಮಾತು ಕೇಳಲಾರದೆ ಬಯಲು ಬಿಟ್ಟು ಹೋಗಿದ್ದರೋ, ಅವರನ್ನೂ ಕರೆಸಲಿಲ್ಲ.

ಕೆಲಸ ಕೆಟ್ಟದ್ದು ಮನೆಯಲ್ಲಿ.

ಮಸೂತಿಯಲ್ಲಿ, ಮಸೂತಿ ಅಷ್ಟೇ ಏಕೆ, ಎಲ್ಲ ಊರಲ್ಲೂ, ಹೆಂಗಸರ ಒಳಗಿನ ಬಟ್ಟೆ ಬಿಸಿಲು ಕಾಣುವುದಿಲ್ಲ. ಅದನ್ನು ಒಗೆದು ಹಗ್ಗದ ಮೇಲೆ ಹಾಕಿದರೆ ಅದರ ಮೇಲೆ ಲಂಗ ಹೊದಿಸುತ್ತಾರೆ, ಇಲ್ಲವೇ ಒಳಗೆ ಟ್ರಂಕಿನ ಹಿಂದೆ ಕಟ್ಟಿದ ದಾರಕ್ಕೆ ಹಾಕುತ್ತಾರೆ. ಬೇಸಿಗೆಯಲ್ಲಿ ಹೇಗೋ ಒಣಗುತ್ತದೆ. ಶ್ರಾವಣದ ಜಿಟಿಜಿಟಿಯಲ್ಲಿ ಒಣಗುವುದಿಲ್ಲ. ಸಂಘಮಿತ್ರಾಳ ಹತ್ತಿರ ಇದ್ದದ್ದು ಒಂದೇ. ದಿನಾ ಬೆವರು, ದಿನಾ ಒಗೆತ, ದಿನಾ ಟ್ರಂಕಿನ ಹಿಂದಿನ ದಾರ. ಅರೆಹಸಿ ಇದ್ದದ್ದನ್ನೇ ಬೆಳಿಗ್ಗೆ ಮತ್ತೆ ಹಾಕಿಕೊಂಡು ಓಡಿದಳು. ಕೆಲವೇ ದಿನದಲ್ಲಿ ಅದಕ್ಕೆ ಮುಗ್ಗು ವಾಸನೆ ಬಂತು. ಬಗಲಲ್ಲಿ ಕೆಂಪು ಗುಳ್ಳೆ ಎದ್ದವು. ಅವಳು ತುರಿಸಿಕೊಳ್ಳುವುದನ್ನು ಮರೆವ್ವ ನೋಡಿದಳು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಸಂಘಮಿತ್ರಾ ಶೆಡ್ಡಿನಿಂದ ಬೇಗ ಬಂದಳು. ಬಚ್ಚಲ ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಮರೆವ್ವ ಕಟ್ಟಿಗೆಯಿಂದ ಬಟ್ಟೆ ಮಗುಚುತ್ತಿದ್ದಳು. ಹಾಸಿಗೆಯ ಮೇಲುಹೊದಿಕೆ, ತಲೆದಿಂಬಿನ ಚೀಲ, ಸೋಡಾ ನೊರೆ. ನೊರೆಯ ನಡುವೆ ನೀಲಿ ಬಣ್ಣದ್ದೊಂದು ಮೇಲೆ ಬಂದು ಮುಳುಗಿತು.

"ಯವ್ವಾ! ಅದೇನದು?"

"ನಿಂದು. ವಾಸನಿ ಹಿಡದಿತ್ತಲ್ಲ. ಸೋಡಾ ಹಾಕಿ ಕುದಿಸಿದೆ. ನಾಳೆ ಓಡೂ ಮುಂದ ತುರಸಬಾರದು."

ಸಂಘಮಿತ್ರಾ ಕಟ್ಟಿಗೆ ಕಸಿದುಕೊಂಡು ಅದನ್ನು ಎತ್ತಿದಳು. ತಣ್ಣೀರಿಗೆ ಹಾಕಿ ಹಿಂಡಿದಳು. ಕೆಳಗಿನ ಪಟ್ಟಿಯನ್ನು ಎಳೆದು ಬಿಟ್ಟಳು. ಅದು ತಿರುಗಿ ಕೂಡಿಕೊಳ್ಳಲಿಲ್ಲ. ಸತ್ತ ಹಾವಿನ ಹಾಗೆ ಕೈಯಲ್ಲಿ ಜೋತುಬಿತ್ತು. ಮೈಗೆ ಹಾಕಿ ಜಿಗಿದು ನೋಡುವ ಅಗತ್ಯವೇ ಇರಲಿಲ್ಲ.

"ಇಲಾಸ್ಟಿಕ್ ಸತ್ತೋತು. ಯವ್ವಾ, ನೀ ಅದನ್ನ ಕೊಂದಿ. ನಾಳೆ ಮುಂಜಾನೆ ನನ್ನ ಪರೀಕ್ಷೆ ಐತಿ, ನೀ ಅದನ್ನ ಕುದಿಸಿ ಕೊಂದಿ!"

"ನಿನಗ ಹುಣ್ಣಾಗಿತ್ತಲ್ಲ. ನಾ ಬೇಕಂತ ಮಾಡಿದ್ನೇನು?"

"ಬಿಸಲಿಗೆ ಹಾಕಿದ್ರ ಹುಣ್ಣ ಆಗ್ತಿರಲಿಲ್ಲ! ಒಂದು ತಾಸು ಬಿಸಲಿಗೆ ಹಾಕಿದ್ರ ಸಾಕಿತ್ತು!"

"ಬಿಸಲಿಗಿ? ಅಂಗಳದಾಗ? ನಿಮ್ಮಪ್ಪ ಓಡ್ಯಾಡ್ತಾನ, ನಿನ್ನ ತಮ್ಮ ಓಡ್ಯಾಡ್ತಾನ. ಓಣಿ ಮಂದಿ ನೋಡ್ತಾರ. ನಾಚಿಕಿ ಅನ್ನೂದು ಬ್ಯಾಡೇನು?"

"ಅವರ ಚಡ್ಡಿ ನೋಡಲ್ಲಿ! ಅಂಗಳದ ನಡುವ, ಧ್ವಜ ಹಾರಿಸಿದಂಗ ಹಾರಾಡಾಕತ್ತಾವ! ಅದಕ್ಕ ನಾಚಿಕಿ ಇಲ್ಲ, ನಂದಕ್ಕ ಐತಿ? ನಿನ್ನ ನಾಚಿಕಿ ಹಿಡ್ಕೊಂಡು ನಾ ಮನೂಕ ಆರಿಸ್ಕೋಂತ ಸಾಯಬೇಕೇನ?"

ಹೊರಗೆ ಕಟ್ಟೆಯ ಮೇಲೆ ಓದುತ್ತ ಕುಳಿತಿದ್ದ ಪ್ರೇಮಕುಮಾರ ಎದ್ದು ಹೋಗಿ, ಹಗ್ಗದ ಮೇಲಿದ್ದ ತನ್ನ ಚಡ್ಡಿಯನ್ನು ಮೆಲ್ಲಗೆ ತೆಗೆದುಕೊಂಡು ಒಳಗೆ ಬಂದ. ಯಾರೂ ಅವನ ಕಡೆ ನೋಡಲಿಲ್ಲ.

ಮರೆವ್ವ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಅವಳ ಧ್ವನಿಯಲ್ಲೂ ಸಿಟ್ಟೇ ಇತ್ತು, ಆದರೆ ಮಗಳ ಮೇಲೆ ಇರಲಿಲ್ಲ.

"ನನಗ ಯಾರು ಹೇಳಿದ್ರು? ನಮ್ಮವ್ವ ಬಚ್ಚಿಟ್ಟು ಒಣಗಿಸು ಅಂದ್ಲು, ಬಚ್ಚಿಟ್ಟೆ. ಬುಟ್ಟಿ ಹೊತ್ತಾಗ, ಕಳೆ ತಗದಾಗ, ಓಡಿ ಬಸ್ಸು ಹಿಡದಾಗ ನನಗೇನು ನೋವಾಗಲಿಲ್ಲೇನು? ಯಾರಿಗೆ ಹೇಳ್ಲಿ? ಹೇಳೂ ಅಂಥಾ ಮಾತು ಅಲ್ಲ ಅಂತ ಬಾಯಿ ಮುಚ್ಚಿದೆ." ಅವಳು ಎದ್ದು ಸೆರಗಿಗೆ ಕೈ ಒರೆಸಿದಳು. "ನಡಿ."

"ಎಲ್ಲಿಗೆ? ಸಿಂದಗಿಗೆ ಹೋಗಿ ಬರಾಕ ಹೊತ್ತಿಲ್ಲ."

"ಬಾಗೇವಾಡಿಗೆ. ಆ ಬಸಂತರಾಯನ ಕಡೆ."

"ಅಂವನ ಕಡೆ ಬನಿಯನ್ ಅಷ್ಟ ಐತಿ."

"ಐತೋ ಇಲ್ಲೋ, ಬಾಯಿ ತಗದು ಕೇಳಿದವರು ಯಾರು?"

ಅವರು ಹೋದಾಗ ಬಸಂತರಾಯನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಇಬ್ಬರು ಹಿರಿಯರು ಚಹಾ ಕುಡಿಯುತ್ತ ಕುಳಿತಿದ್ದರು. ಸಂಘಮಿತ್ರಾಳ ಕಾಲುಗಳು ರೂಢಿಯಂತೆ ಬಳೆಯ ಮೂಲೆಗೆ ಹೋಗಿ ನಿಂತವು. ಅವರು ಎದ್ದು ಹೋಗಲಿ ಎಂದು ಕಾಯತೊಡಗಿದಳು. ಮರುಕ್ಷಣ ತಾನು ಏನು ಮಾಡುತ್ತಿದ್ದೇನೆ ಎಂದು ತಿಳಿದು ಅವಳಿಗೆ ತನ್ನ ಕಾಲುಗಳ ಮೇಲೇ ಸಿಟ್ಟು ಬಂತು. ಬಂದು ಗಲ್ಲಾಪೆಟ್ಟಿಗೆಯ ಮುಂದೆ ನಿಂತಳು.

"ಕಾಕಾ, ಓಡಾಕ ಹಾಕ್ಕೊಳ್ಳೂ ಬ್ರಾ ಬೇಕು. ಕೆಳಗ ಅಗಲ ಇಲಾಸ್ಟಿಕ್ ಇರಬೇಕು, ಭುಜದ ಪಟ್ಟಿನೂ ಅಗಲ ಇರಬೇಕು."

ಚಹಾದ ಲೋಟಗಳು ಅಲ್ಲಲ್ಲೇ ನಿಂತವು. ಬಸಂತರಾಯನ ಕಣ್ಣುಗಳು ಫ್ಯಾನಿಗೆ ಹೋದವು.

"ಮೆಲ್ಲಕ ಮಾತಾಡವಾ, ಮಂದಿ ಅದಾರ."

"ಮೆಲ್ಲಕ ಮಾತಾಡಿದ್ದಕ್ಕ ಹೋದಸಲ ಬನಿಯನ್ ಕೊಟ್ರಿ. ಇವತ್ತ ಹಂಗ ಆಗೂದು ಬ್ಯಾಡ. ಅದಾವೋ ಇಲ್ಲೋ, ಅಷ್ಟು ಹೇಳ್ರಿ."

"ಅದಾವ," ಬಸಂತರಾಯ ಫ್ಯಾನಿಗೆ ಹೇಳಿದ. "ಮ್ಯಾಲ ಅಟ್ಟದ ಮ್ಯಾಲ ಒಂದು ಪೆಟ್ಟಿಗಿ ಐತಿ. ಸಗಟು ವ್ಯಾಪಾರಿ ಕಳಿಸಿದ್ದ. ಯಾರೂ ಕೇಳಲಿಲ್ಲ, ಇಟ್ಟೇನಿ."

"ಯಾರೂ ಕೇಳಲಿಲ್ಲ, ನೀವೂ ಹೇಳಲಿಲ್ಲ."

"ನಾ ಹ್ಯಾಂಗ ಹೇಳ್ಲೆವಾ ಹೆಣ್ಮಕ್ಕಳಿಗೆ?"

"ಹೆಣ್ಮಕ್ಕಳಿಗೆ ಹೇಳದ ಮತ್ತ ಯಾರಿಗೆ ಮಾರಾಕ ತರಸಿರಿ? ಗಂಡಸ್ರಿಗಿ?" ಎಂದಳು ಮರೆವ್ವ.

ಬೆಂಚಿನ ಮೇಲಿನ ಒಬ್ಬ ಹಿರಿಯನಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು. ಬಸಂತರಾಯ ಏಣಿ ಹತ್ತಿ, ಧೂಳು ತುಂಬಿದ ಪೆಟ್ಟಿಗೆ ಇಳಿಸಿದ. ಒಳಗೆ ಹತ್ತಾರು ಡಬ್ಬಿ. ಅವನ ಕೈ ತಾನಾಗಿಯೇ ಪೇಪರಿನ ಕಡೆ ಹೋಯಿತು.

"ಸುತ್ತಬ್ಯಾಡ್ರಿ. ಹಾಕ್ಕೊಂಡು ನೋಡಬೇಕು."

"ಇಲ್ಲಿ? ಇಲ್ಲಿ ಎಲ್ಲೆವಾ ಜಾಗಾ? ನಾ ಇದ್ದೇನಿ ಅಂಗಡ್ಯಾಗ."

"ನೀವು ಹೊರಗ ಬರ್ರಿ," ಎಂದಳು ಸಂಘಮಿತ್ರಾ.

ತನ್ನ ಅಂಗಡಿಯಿಂದ ತಾನೇ ಹೊರಗೆ ಬಂದ ಬಸಂತರಾಯ, ಚಪ್ಪಲಿ ಹಾಕಿಕೊಳ್ಳಲೂ ಮರೆತಿದ್ದ. ಮರೆವ್ವ ಷಟರ್ ಎಳೆದು ಕೆಳಗೆ ಬಿಟ್ಟು, ಅದಕ್ಕೆ ಬೆನ್ನು ಕೊಟ್ಟು ನಿಂತಳು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಸೈಕಲ್ ನಿಲ್ಲಿಸಿ ಕೇಳಿದ: "ಏನೋ ಬಸಂತರಾಯ, ಹಾಡಹಗಲ ಅಂಗಡಿ ಬಂದ್ ಮಾಡೀಯಲ್ಲ. ಯಾರರ ಸತ್ರೇನು?"

ಉತ್ತರ ಮರೆವ್ವ ಕೊಟ್ಟಳು. ಐವತ್ತು ವರ್ಷ ಮೆಲ್ಲಗೆ ಮಾತಾಡಿದ ಹೆಂಗಸಿಗೆ ಆ ಧ್ವನಿ ಎಲ್ಲಿಂದ ಬಂತೋ.

"ಯಾರೂ ಸತ್ತಿಲ್ಲ. ನನ್ನ ಮಗಳು ಒಳಗ ಬ್ರಾ ಹಾಕ್ಕೊಂಡು ಜಿಗದು ನೋಡಾಕತ್ತಾಳ. ನಾಳೆ ಪೊಲೀಸ್ ಪರೀಕ್ಷೆ ಐತಿ. ನಿಂದೇನರ ಕೆಲಸ ಐತೇನು ಇಲ್ಲಿ?"

ಸೈಕಲ್ಲಿನವನಿಗೆ ಕೆಲಸವಿರಲಿಲ್ಲ. ಹೋದ. ಒಳಗಿಂದ ಧಡ್, ಧಡ್ ಎಂದು ನೆಲ ನಡುಗುವ ಸಪ್ಪಳ ಬರುತ್ತಿತ್ತು. ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಮತ್ತೊಂದು ಡಬ್ಬಿ ತೆರೆದ ಸದ್ದು, ಮತ್ತೆ ಧಡ್, ಧಡ್. ಬಸಂತರಾಯ ತನ್ನ ಬಳೆಗಳು ಒಡೆಯದಿರಲಿ ಎಂದು ಕಣ್ಣು ಮುಚ್ಚಿಕೊಂಡು ನಿಂತಿದ್ದ.

ಸರಿಹೋದದ್ದು ಸಿಂದಗಿಯದರಷ್ಟು ಚೆನ್ನಾಗಿರಲಿಲ್ಲ. ಒಂದು ಭುಜದ ಪಟ್ಟಿಯ ಹೊಲಿಗೆ ಸೊಟ್ಟ ಇತ್ತು. ಆದರೆ ಬೆನ್ನಿಗೆ ಕೊಕ್ಕೆಗಳಿದ್ದವು, ಒಂದು ಸಾಲು ಒಳಗೆ ಹಾಕಿಕೊಂಡರೆ ಪಟ್ಟಿ ಗಟ್ಟಿಯಾಗಿ ಕೂರುತ್ತಿತ್ತು. ಕೈ ಎತ್ತಿದರೆ ಮೇಲೆ ಬರಲಿಲ್ಲ. ಸಂಘಮಿತ್ರಾ ಅದನ್ನು ಹಾಕಿಕೊಂಡೇ ಹೊರಗೆ ಬಂದು, ಖಾಲಿ ಡಬ್ಬಿಯನ್ನು ಬಸಂತರಾಯನ ಕೈಗೆ ಕೊಟ್ಟು, ರೊಕ್ಕ ಕೊಟ್ಟಳು. ಅವನು ಮೊದಲ ಸಲ ಫ್ಯಾನು ಬಿಟ್ಟು ಅವಳ ಮುಖ ನೋಡಿದ.

"ಪಾಸಾಗವಾ," ಎಂದ. ಅದಕ್ಕೂ ಅವಳಿಗೆ ಸಿಟ್ಟೇ ಬಂತು. ಈ ಮಾತನ್ನು ಹೋದ ವರ್ಷ ಹೇಳಬಹುದಿತ್ತು, ಆ ಪೆಟ್ಟಿಗೆ ಇಳಿಸಿ.

ವಿಜಯಪುರದ ಮೈದಾನದಲ್ಲಿ ಬೆಳಿಗ್ಗೆ ಮೋಡ ಕವಿದಿತ್ತು. ಹುಡುಗಿಯರನ್ನು ತಂಡ ತಂಡವಾಗಿ ನಿಲ್ಲಿಸಿದರು. ಅಫ್ರೀನ ಇದೇ ತಂಡದಲ್ಲಿದ್ದಳು. ಸೀಟಿ ಕೂಗಿತು. ಸಂಘಮಿತ್ರಾ ಮೊದಲ ತಿರುವಿನವರೆಗೆ ಎಲ್ಲರ ನಡುವೆ ಓಡಿದಳು. ಎರಡನೆಯ ತಿರುವಿನಲ್ಲಿ ಸೊಟ್ಟ ಹೊಲಿಗೆಯ ಭುಜದ ಪಟ್ಟಿ ಚರ್ಮಕ್ಕೆ ಉಜ್ಜತೊಡಗಿತು. ಉಜ್ಜಲಿ ಎಂದುಕೊಂಡಳು. ಕೆಳಗಿನ ಪಟ್ಟಿ ಇದ್ದಲ್ಲೇ ಇತ್ತು. ಹಿಂದಿನ ಸಲ ಕೈ ಎದೆಗೆ ಬಂದ ಜಾಗ ಬಂತು. ಅಭ್ಯಾಸಕ್ಕೆ ಕೈಗಳು ಒಮ್ಮೆ ಒಳಕ್ಕೆ ಸರಿದವು. ಅವಳು ಬಾಯಿಬಿಟ್ಟು "ಬೀಸು!" ಎಂದು ತನಗೆ ತಾನೇ ಬೈದುಕೊಂಡಳು. ಕೈ ಬೀಸಿದಳು. ಉಸಿರು ಬೇಕೆಂದಾಗ ಉಸಿರು ಬಂತು. ಪಕ್ಕದವಳು ಹಿಂದೆ ಬಿದ್ದಳು, ಅದರಾಚೆಯವಳು ಹಿಂದೆ ಬಿದ್ದಳು. ಬಿಳಿ ಗೆರೆ ದಾಟಿದ ಮೇಲೂ ಅವಳು ಕಾಲು ನಿಲ್ಲಿಸಲಾರದೆ ಇನ್ನೂ ದೂರ ಓಡಿ ಹೋಗಿದ್ದಳು.

ಎದೆಯ ಮೇಲಿನ ನಂಬರು ನೋಡಿ ಒಬ್ಬರು ಸಮಯ ಓದಿ ಹೇಳಿದರು. ಬೇಕಾದ್ದಕ್ಕಿಂತ ಬಹಳ ಮೊದಲೇ ಮುಗಿಸಿದ್ದಳು. ಇನ್ನೊಂದು ಸುತ್ತು ನಡೆದು ಬಂದರೂ ಆಗುತ್ತಿತ್ತು ಅನ್ನುವಷ್ಟು.

ಅಫ್ರೀನ ಕೂಡ ಪಾಸಾಗಿ ಏದುಸಿರು ಬಿಡುತ್ತ ಬಂದು ಅವಳ ಬೆನ್ನಿಗೆ ಗುದ್ದಿದಳು. "ಲೇ ಸಂಗಿ, ಇಷ್ಟು ಜೋರು ಓಡಾಕಿ ಹೋದಸಲ ಏನ್ ಮಾಡಾಕತ್ತಿದ್ದಿ?"

"ಹೋದಸಲ ನನ್ನ ಕಟ್ಟಿ ಹಾಕಿದ್ರು," ಎಂದಳು ಸಂಘಮಿತ್ರಾ. ಹೋದ ವರ್ಷ, ಅದರ ಹಿಂದಿನ ವರ್ಷಗಳು, ಬೇವಿನ ಮರದ ಕೆಳಗೆ ಕುಳಿತ ಡ್ರಿಲ್ ಪಿರಿಯಡ್ಡುಗಳು, ಎಲ್ಲವೂ ಈ ಒಂದು ಸುತ್ತಿನಲ್ಲಿ ಓಡಿ ಮುಗಿಯುವಷ್ಟು ಸಣ್ಣದಾಗಿತ್ತು. ಅಷ್ಟು ಸಣ್ಣ ವಿಷಯಕ್ಕೆ ಇಷ್ಟು ವರ್ಷ ಹೋದವು. ಅವಳಿಗೆ ಕುಣಿಯಬೇಕು ಅನ್ನಿಸಲಿಲ್ಲ. ಯಾರಿಗಾದರೂ ಒಂದು ಬಾರಿಸಬೇಕು ಅನ್ನಿಸಿತು.

ಗುಂಡು ಎಸೆಯುವ ಸಾಲಿನಿಂದ ಅವಳ ನಂಬರು ಕೂಗಿದರು. ಅವಳು ಅಂಗೈಯನ್ನು ಮಣ್ಣಿಗೆ ತಿಕ್ಕಿಕೊಂಡು ಹೋಗಿ, ಕಬ್ಬಿಣದ ಗುಂಡನ್ನು ಎತ್ತಿ ಕುತ್ತಿಗೆಗೆ ಆನಿಸಿಕೊಂಡಳು.